ಪಾಸಾದ ರಕ್ತ

ಮಾರೆಮ್ಮನ ರಕ್ತ ಪಾಸಾಗಿದೆಯೆಂದು ಕೇರಿಯಲ್ಲಿ ಬೆಲ್ಲ ಹಂಚಿದವಳು ಅವಳ ತಂಗಿ ಹುಲುಗಮ್ಮನೇ. ಬೇರೆ ಯಾರೂ ಅಲ್ಲ.

ಎಂಬತ್ತೊಂಬತ್ತನೇ ಇಸವಿ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ಬಸ್ಸು ಎರಡು ನಿಮಿಷ ನಿಂತು ಹೋಗುವ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹುಲುಗಮ್ಮ ಒಂಬತ್ತು ವರ್ಷದಿಂದ ದಿನಗೂಲಿ ಆಯಾ. ಕಸ ಹೊಡೆಯುವುದು. ನೆಲ ಒರೆಸುವುದು. ಹೆರಿಗೆಯಾದ ಮೇಲೆ ರಕ್ತದ ಬಟ್ಟೆ ಹಿಂಡುವುದು. ಮಾಸು ಒಯ್ದು ಹೂಳುವುದು. ಸೂಜಿ, ಸಿರಿಂಜು ಕುದಿಸುವುದು. ಇಷ್ಟೆಲ್ಲ ಮಾಡಿದರೂ ಔಷಧಿ ಕೋಣೆಯ ಹೊಸ್ತಿಲನ್ನು ಅವಳು ದಾಟುವಂತಿರಲಿಲ್ಲ. ಅವಳಿಗೆ ಜ್ವರ ಬಂದರೆ ಕಾಂಪೌಂಡರ್ ನಾಗೇಂದ್ರಪ್ಪ ಗುಳಿಗೆಯನ್ನು ಅವಳ ಅಂಗೈಗೆ ಮೇಲಿನಿಂದ ಬಿಡುತ್ತಿದ್ದ. ಕೆಳಗೆ ಬಿದ್ದರೆ ಆರಿಸಿಕೊಳ್ಳಬೇಕು. ಆರಿಸಿಕೊಳ್ಳುತ್ತಿದ್ದಳು.

ಯುಗಾದಿ ಕಳೆದು ವಾರವಾಗಿತ್ತು. ಒಂದು ಜೀಪು ಬಂತು. ಅದರಲ್ಲಿ ಮೂವರು ಸಾಹೇಬರು, ಒಂದು ಐಸಿನ ಪೆಟ್ಟಿಗೆ. ಕೇರಿಯಲ್ಲಿ ದೇವರ ಹೆಸರಿಗೆ ಮುತ್ತು ಕಟ್ಟಿಸಿಕೊಂಡ ಹೆಂಗಸರು ಎಷ್ಟು ಮಂದಿ ಇದ್ದಾರೋ ಅಷ್ಟೂ ಮಂದಿಯನ್ನು ಕರೆದುಕೊಂಡು ಬಾ ಎಂದರು.

"ಯಾಕ್ರಿ?" ಎಂದಳು ಹುಲುಗಮ್ಮ.

ನಾಗೇಂದ್ರಪ್ಪ ನಕ್ಕ. "ಶಕ್ತಿ ನೋಡ್ತಾರ. ನಿಮ್ಮ ರಕ್ತದಾಗ ಶಕ್ತಿ ಎಷ್ಟೈತಿ ಅಂತ. ಕರಕೊಂಬಾ ಹೋಗು."

ಅವಳು ನಂಬಿದಳು. ಮನೆಮನೆಗೆ ಹೋದಳು. ಊರಿನ ಮಂದಿಯ ಮಾತಿಗೆ ಬಾಗಿಲು ತೆರೆಯದ ಹೆಂಗಸರು ಅವಳ ಮಾತಿಗೆ ಎದ್ದು ಬಂದರು. ಹದಿನಾಲ್ಕು ಮಂದಿ. ಎಲ್ಲರಿಗಿಂತ ಮೊದಲು ತೋಳು ಚಾಚಿದವಳು ಮಾರೆಮ್ಮ. ಹನ್ನೊಂದನೇ ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡವಳು. ಅಂದಿನಿಂದ ಅವಳ ಮೈಯನ್ನು ಕೇಳಿದವರು ಬಹಳ, ಅವಳನ್ನು ಕೇಳಿದವರು ಯಾರೂ ಇಲ್ಲ. ಈಗ ರಕ್ತವನ್ನೂ ಹಾಗೆಯೇ ತೆಗೆದುಕೊಂಡರು. ಕೇರಿಯ ಹದಿನಾಲ್ಕು ತೋಳು. ಊರಿನದು ಒಂದು ತೋಳೂ ಇಲ್ಲ.

ಒಂದೂವರೆ ತಿಂಗಳಾದ ಮೇಲೆ ಕಾಗದ ಬಂತು. ಹುಲುಗಮ್ಮ ಪಡಸಾಲೆ ಒರೆಸುತ್ತಿದ್ದಳು. ನಾಗೇಂದ್ರಪ್ಪ ಕಿಟಕಿಯಿಂದಲೇ ಓದಿ ಹೇಳಿದ. "ಹದಿಮೂರು ಮಂದೀದು ನೆಗೆಟಿವ್. ನಿಮ್ಮಕ್ಕಂದೊಂದ ಪಾಸಿಟಿವ್." ಅಷ್ಟು ಹೇಳಿ ಅವನು ಒಳಗೆ ಹೋದ.

ಅವಳ ಕಿವಿಗೆ ಬಿದ್ದದ್ದು ಮೊದಲಿನ ಎರಡಕ್ಷರ. ಪಾಸು. ಆ ಮಾತು ಕೇರಿಗೆ ಗೊತ್ತಿತ್ತು. ಪ್ರತಿ ವರ್ಷ ಏಳನೇ ತರಗತಿಯ ಪರೀಕ್ಷೆಗೆ ಕೂತ ಮಕ್ಕಳಲ್ಲಿ ಯಾರೋ ಒಬ್ಬರು ಪಾಸಾಗುತ್ತಿದ್ದರು, ಉಳಿದವರು ಶೇಂಗಾ ಹೊಲಕ್ಕೆ ಹೋಗುತ್ತಿದ್ದರು. ಹಾಗಾದರೆ ಹದಿಮೂರು ಮಂದಿ ಫೇಲು. ಅಕ್ಕ ಒಬ್ಬಳೇ ಪಾಸು. ಅವಳು ಅರಿವೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಓಡಿದಳು.

ಮಾರೆಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಲಿ ಕಟ್ಟಿ ಹತ್ತಲಿಲ್ಲ ನಾನು, ನನ್ನ ರಕ್ತ ಹತ್ತಿತು ನೋಡು! ಲೇ ಹುಲುಗಿ, ಸರ್ಟಿಫಿಕೇಟ್ ಕೊಡ್ತಾರೇನು ಕೇಳು. ಗ್ವಾಡಿಗೆ ತಗಲಿ ಹಾಕ್ತೀನಿ. ಬಂದೋರೆಲ್ಲ ನೋಡ್ಲಿ."

ಪಕ್ಕದ ಮನೆಯ ಮುದುಕಿ ಕೆಂಚಕ್ಕನಿಗೆ ಸಿಟ್ಟು ಬಂತು. ಅವಳೂ ರಕ್ತ ಕೊಟ್ಟಿದ್ದಳು. "ನಮ್ಮ ರಕ್ತಕ್ಕೇನು ದಾಡಿ ಆಗೇತಿ? ನಮ್ಮನ್ಯಾಕ ಫೇಲ್ ಮಾಡ್ಯಾರ?"

"ನೀ ದಿನಾ ಎಲಿಅಡಿಕಿ ಹಾಕ್ಕೊಂಡು ಉಗುಳ್ತೀ ಅಲ್ಲ, ಅದರಾಗ ಹೋಗಿರಬೇಕು ನಿನ್ನ ಶಕ್ತಿ" ಎಂದಳು ಮಾರೆಮ್ಮ. ಎಲ್ಲರೂ ನಕ್ಕರು. ಹುಲುಗಮ್ಮ ಅಂಗಡಿಯಿಂದ ಒಂದು ಅಚ್ಚು ಬೆಲ್ಲ ತಂದು ಒಡೆದಳು. ಮನೆಮನೆಗೆ ಕೊಟ್ಟಳು. ಕೆಂಚಕ್ಕ ಗೊಣಗುತ್ತಲೇ ತಾನೊಂದು ಚೂರು ತಿಂದು, ಮೊಮ್ಮಗಳ ಬಾಯಿಗೂ ಒಂದು ಚೂರು ಇಟ್ಟಳು.

ಮೂರನೇ ದಿನ ನರ್ಸು ಪಾಲಮ್ಮ ಹುಲುಗಮ್ಮನನ್ನು ಆಸ್ಪತ್ರೆಯ ಹಿಂದೆ ಕರೆದೊಯ್ದಳು. ಪಾಲಮ್ಮ ಹಡಗಲಿ ಕಡೆಯವಳು, ಮೆಲುಮಾತಿನ ಹೆಂಗಸು.

"ಅದು ಪಾಸಲ್ಲ ಹುಲುಗಮ್ಮ. ರಕ್ತದಾಗ ಜಡ್ಡು ಸಿಕ್ಕೈತಿ ಅಂತ ಅರ್ಥ. ಹೊಸ ಜಡ್ಡು. ಏಡ್ಸ್ ಅಂತಾರ."

"ಔಷಧ?"

"ಇದಕ್ಕಂತ ಇನ್ನೂ ಇಲ್ಲ. ಆದ್ರ ಕೆಮ್ಮು ಬಂದ್ರ ಕೆಮ್ಮಿಗೆ ಕೊಡಬೌದು, ಜ್ವರ ಬಂದ್ರ ಜ್ವರಕ್ಕ ಕೊಡಬೌದು. ಹಂಗ ನೋಡಿಕೊಂಡ್ರ ಭಾಳ ದಿನ ಇರ್ತಾರ. ಮುಟ್ಟಿದ್ರ ಬರಂಗಿಲ್ಲ. ಕೂಡಿ ಉಂಡ್ರ ಬರಂಗಿಲ್ಲ. ಗಂಡಸು ಹೆಂಗಸು ಕೂಡೋದ್ರಿಂದ ಬರತೈತಿ. ರಕ್ತದಿಂದ ಬರತೈತಿ, ಸೂಜಿಯಿಂದ. ನೀ ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ."

"ಕೇರಿಗೆಲ್ಲ ಬೆಲ್ಲ ಹಂಚೀನಿ, ನರ್ಸಮ್ಮ."

ಊರಿಗೆ ಮಾತು ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಪಾಸಿಟಿವ್ ಎಂದರೆ ಏನೆಂದು ನಾಗೇಂದ್ರಪ್ಪ ಚಹದಂಗಡಿಯಲ್ಲಿ ಕೂತು ಬಿಡಿಸಿ ಹೇಳಿದ. ಹೆಸರು ಹೇಳುವ ತೊಂದರೆಯೂ ಅವನಿಗಿರಲಿಲ್ಲ. ಹೆಸರನ್ನು ಹುಲುಗಮ್ಮನೇ ಮನೆಮನೆಗೆ ಬೆಲ್ಲದ ಜೊತೆ ಕೊಟ್ಟುಬಂದಿದ್ದಳು.

ಕೆಂಚಕ್ಕ ಮೊಮ್ಮಗಳ ಬಾಯಿಗೆ ಉಪ್ಪು ಹಾಕಿ ತೊಳೆದಳು. ಬೆಲ್ಲ ತಿಂದು ಆಗಲೇ ಆರು ದಿನವಾಗಿತ್ತು. ಬೋರಿಂಗಿನಲ್ಲಿ ಮಾರೆಮ್ಮ ನೀರು ಹೊಡೆದು ಹೋದ ಮೇಲೆ ಹೆಂಗಸರು ಹಿಡಿಕೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಹನ್ನೊಂದು ವರ್ಷ ಮಾರೆಮ್ಮನ ಮನೆಗೆ ಬರುತ್ತಿದ್ದ ಶೇಂಗಾ ಮಿಲ್ಲಿನ ಸಾವುಕಾರ ಕೊಟ್ರಬಸಪ್ಪ ಹಾದಿ ಬದಲಿಸಿದ. ಇಸ್ತ್ರಿ ಅಂಗಿ ಹಾಕಿಕೊಂಡು ಮೋಟರ್ ಸೈಕಲ್ಲಿನಲ್ಲಿ ಕೆರೆ ಏರಿಯ ಮೇಲಿಂದ ಹೋಗತೊಡಗಿದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನ ಕೈ ಮುಟ್ಟಿದ ಯಾವುದನ್ನೂ ಯಾರೂ ತೊಳೆಯಲಿಲ್ಲ.

ಮಾರೆಮ್ಮ ತಂಗಿಗೆ ಒಂದೇ ಒಂದು ಸಲ ಅಂದಳು. "ನೀನ ಕರಕೊಂಡು ಹೋದಿ ನನ್ನ."

ಹುಲುಗಮ್ಮ ಅಕ್ಕನ ಕೊಡ ಎತ್ತಿಕೊಂಡು ಬೋರಿಂಗಿಗೆ ನಡೆದಳು.

ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಹೊತ್ತಿಗೆ ಮಾರೆಮ್ಮನ ಬಲಗಂಕುಳಲ್ಲಿ ಒಂದು ಗಡ್ಡೆ ಎದ್ದಿತು. ಮೊದಲು ಗೋಲಿಯಷ್ಟು. ನಾಲ್ಕೇ ದಿನದಲ್ಲಿ ನಿಂಬೆಹಣ್ಣಿನಷ್ಟು. ಕೆಂಪಗೆ ಬಿಗಿದು, ಮುಟ್ಟಿದರೆ ಸುಡುತ್ತಿತ್ತು. ತೋಳು ಇಳಿಸಲು ಬರುವುದಿಲ್ಲ. ಕುಡುಗೋಲು ಹಿಡಿಯಲು ಬರುವುದಿಲ್ಲ. ರೆಕ್ಕೆ ಮುರಿದ ಕೋಳಿಯ ಹಾಗೆ ತೋಳನ್ನು ಮೈಯಿಂದ ದೂರ ಹಿಡಿದುಕೊಂಡು ಕೂತಿರುತ್ತಿದ್ದಳು. ಚಳಿಜ್ವರ ಬೇರೆ. ಇಂಥ ಗಡ್ಡೆ ಆಸ್ಪತ್ರೆಗೆ ಹೊಸದಲ್ಲ. ತಿಂಗಳಿಗೆ ಹತ್ತು ಬರುತ್ತವೆ. ಡಾಕ್ಟರು ಒಂದು ಗೀರು ಹಾಕಿ ಕೀವು ತೆಗೆಯುತ್ತಾರೆ, ಪಟ್ಟಿ ಕಟ್ಟುತ್ತಾರೆ, ವಾರದಲ್ಲಿ ಮಾಯುತ್ತದೆ. ಬಿಟ್ಟರೆ ಕೀವು ರಕ್ತಕ್ಕಿಳಿದು ಜೀವ ಹೋಗುತ್ತದೆ. ಹಾಗೆ ಹೋದವರನ್ನೂ ಹುಲುಗಮ್ಮ ನೋಡಿದ್ದಳು.

ಅವಳು ಅಕ್ಕನನ್ನು ನಡೆಸಿಕೊಂಡು ಬಂದಳು. ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿದಳು. ಡಾಕ್ಟರು ಒಳಗಿನಿಂದ ಒಂದು ಸಲ ನೋಡಿದರು. ಹೊರಗೆ ಬರಲಿಲ್ಲ. ಒಂದು ಚೀಟಿ ಬರೆದು ಕಳಿಸಿದರು. ದೊಡ್ಡಾಸ್ಪತ್ರೆಗೆ ಹೋಗಲಿ.

ಹೋದರು. ಎರಡು ಬಸ್ಸು ಬದಲಿಸಿ. ಅಲ್ಲಿನವರು ಚೀಟಿ ಓದಿ, ಎರಡು ಹೆಜ್ಜೆ ಹಿಂದೆ ಸರಿದು, ಇಂಥ ಸಣ್ಣ ಗಡ್ಡೆಗೆ ಇಲ್ಲೀತನಕ ಯಾಕೆ ಬಂದಿರಿ, ನಿಮ್ಮೂರ ಡಾಕ್ಟರಿಗೆ ತೋರಿಸಿರಿ ಎಂದು ಕಳಿಸಿದರು. ವಾಪಸು ಬಸ್ಸಿನಲ್ಲಿ ಮಾರೆಮ್ಮ ಜ್ವರದ ಕಣ್ಣು ತೆರೆದು ಹೇಳಿದಳು. "ಅಲ್ಲಿಯೋರು ಇಲ್ಲಿಗೆ ಅಂತಾರ, ಇಲ್ಲಿಯೋರು ಅಲ್ಲಿಗೆ ಅಂತಾರ. ನಡುವ ಬಸ್ಸಿನಾಗ ಯಾರರ ಡಾಕ್ಟ್ರು ಅದಾರೇನು ಕೇಳು."

ಮರುದಿನ ಮತ್ತೆ ಕಟ್ಟೆಯ ಮೇಲೆ ಕೂತರು. ಈ ಸಲ ನಾಗೇಂದ್ರಪ್ಪ ಬಂದ. ಒಂದು ಉಂಡೆ ಅರಳೆಯನ್ನು ನೆಲಕ್ಕೆ ಎಸೆದ. "ಮನ್ಯಾಗ ನೀನ ತೊಳಿ. ಇಲ್ಲಿ ಆಗಂಗಿಲ್ಲ." ಮಾರೆಮ್ಮ ಎದ್ದಳು. ಅವಳು ಇನ್ನೂ ಮೆಟ್ಟಿಲ ಬಳಿಯೇ ಇದ್ದಳು, ಆಗ ಅವನು ಹುಲುಗಮ್ಮನಿಗೆ ಹೇಳಿದ. "ಫಿನಾಯಿಲ್ ಹಾಕಿ ಆ ಕಟ್ಟಿ ತೊಳಿ. ಎರಡು ಸಲ."

ಹುಲುಗಮ್ಮ ತೊಳೆದಳು.

ಬಗ್ಗಿ, ಮಂಡಿಯೂರಿ, ಎರಡು ಸಲ ತೊಳೆದಳು. ಅಕ್ಕ ಮೆಟ್ಟಿಲ ಬಳಿ ನಿಂತು ನೋಡಿದಳು. ಫಿನಾಯಿಲಿನ ವಾಸನೆ ಹುಲುಗಮ್ಮನ ಬೆರಳಿನಲ್ಲಿ ಉಳಿಯಿತು. ಅನ್ನ ಕಲಸಿದರೆ ಅನ್ನಕ್ಕೂ ಅದೇ ವಾಸನೆ. ಅವಳು ತಟ್ಟೆ ಪಕ್ಕಕ್ಕಿಟ್ಟಳು.

ಆಗ ಅವಳ ತಲೆಗೆ ಒಂದು ಮಾತು ಬಂತು. ನರ್ಸಮ್ಮ ಹೇಳಿದ್ದಳು: ಮುಟ್ಟಿದರೆ ಬರುವುದಿಲ್ಲ, ಸೂಜಿಯಿಂದ ಬರುತ್ತದೆ. ಕೂತ ಕಲ್ಲನ್ನು ತೊಳೆಸಿದರು. ಸೂಜಿಯನ್ನು?

ಸೂಜಿಯ ಸಂಗತಿ ಅವಳಷ್ಟು ಗೊತ್ತಿದ್ದವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಇಪ್ಪತ್ತು ನಿಮಿಷ ನೀರು ಕೊತಕೊತ ಕುದಿಯಬೇಕು ಎಂದು ಪಾಲಮ್ಮ ಬಂದ ಹೊಸತರಲ್ಲಿ ಹೇಳಿಕೊಟ್ಟಿದ್ದಳು. ಸೀಮೆಎಣ್ಣೆ ಖರ್ಚಾಗುತ್ತದೆಂದು ನಾಗೇಂದ್ರಪ್ಪ ಐದೇ ನಿಮಿಷಕ್ಕೆ ಇಳಿಸು ಎನ್ನುತ್ತಿದ್ದ. ಸಂತೆಯ ದಿನ ಗದ್ದಲವಾದರೆ ಅದೂ ಇಲ್ಲ. ಒಂದು ಸೂಜಿ, ಹತ್ತು ತೋಳು. ನಡುನಡುವೆ ಸ್ಪಿರಿಟ್ಟಿನ ಅರಳೆಯಲ್ಲಿ ಒಂದು ಒರೆಸು. ಉಳಿದ ಸೀಮೆಎಣ್ಣೆ ಡಬ್ಬಿ ತುಂಬಿ ಅವನ ಮನೆಗೆ ಹೋಗುತ್ತಿತ್ತು. ಒಯ್ದು ಕೊಟ್ಟು ಬರುತ್ತಿದ್ದವಳೂ ಅವಳೇ. ಒಂಬತ್ತು ವರ್ಷ. ಅವಳ ಕೈಯಾರ.

ಸೋಮವಾರ. ಸಂತೆ. ಎಂಟು ಗಂಟೆಗೇ ಪಡಸಾಲೆ ತುಂಬಿತು. ಸಂತೆಗೆ ಬಂದವರು ಬಿಳಿ ಸೂಜಿಯೋ ಕೆಂಪು ಸೂಜಿಯೋ ಒಂದು ಚುಚ್ಚಿಸಿಕೊಳ್ಳದೆ ಹೋದರೆ ಸಮಾಧಾನವಿಲ್ಲ. ಕೊಟ್ರಬಸಪ್ಪನೂ ಬಂದಿದ್ದ. ಅವನಿಗೆ ಸೋಮವಾರಕ್ಕೊಂದು ಶಕ್ತಿಯ ಸೂಜಿ. ಸರತಿ ಅವನಿಗಿಲ್ಲ, ನೇರ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಸರತಿಯ ಬೆಂಚಿನ ಮೇಲೆ ಮೊದಲನೆಯವಳಾಗಿ ಕೂತಿದ್ದವಳು ಮಾರೆಮ್ಮ. ಎಂಟು ಮಂದಿ ಕೂರುವ ಬೆಂಚು. ಅವಳೊಬ್ಬಳೇ ಕೂತಿದ್ದಳು. ಮಿಕ್ಕವರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೆಂಚಕ್ಕ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ಎಲ್ಲರಿಗಿಂತ ದೂರ ನಿಂತಿದ್ದಳು.

"ಎಬ್ಬಿಸು ನಿಮ್ಮಕ್ಕನ್ನ" ಎಂದ ನಾಗೇಂದ್ರಪ್ಪ. "ಡಬ್ಬಿ ತಾ. ಡಾಕ್ಟ್ರು ಬಂದಾರ."

ಪಡಸಾಲೆಯ ಮೂಲೆಯಲ್ಲಿ ಸ್ಟೋವ್ ಉರಿಯುತ್ತಿತ್ತು. ಮೇಲೆ ಸೂಜಿ, ಚಾಕುಗಳ ಡಬ್ಬಿ. ಹುಲುಗಮ್ಮ ಅದರ ಮುಂದೆ ಕಾಲು ಮಡಚಿ ಕೂತಿದ್ದಳು. ಏಳಲಿಲ್ಲ.

"ಕುದ್ದಿಲ್ಲ."

"ಗುಳ್ಳಿ ಬಂದಾವಲ್ಲ, ಕಣ್ಣಿಲ್ಲೇನು?"

"ಗುಳ್ಳಿ ಬಂದ್ರ ಕುದ್ದಂಗಲ್ಲ. ಇಪ್ಪತ್ತು ನಿಮಿಷ ಆಗಬೇಕು."

"ಯಾರು ಹೇಳಿದ್ದು ನಿನಗ? ಕಸ ಹೊಡಿಯಾಕಿ ನೀನು."

"ಹೌದ್ರಿ. ಕಸ ಹೊಡಿಯಾಕಿ. ಒಂಬತ್ತು ವರ್ಷ ಈ ಡಬ್ಬಿ ಇಳಿಸಿದಾಕಿ ನಾನ. ಐದು ನಿಮಿಷಕ್ಕ ಇಳಿಸೀನಿ, ನಿಮ್ಮ ಮಾತು ಕೇಳಿ. ಒಂದು ಸೂಜಿ ಹತ್ತು ಮಂದಿಗೆ ಹೋದದ್ದು ನೋಡೀನಿ. ಇವತ್ತು ಕೊಡಂಗಿಲ್ಲ."

ನಾಗೇಂದ್ರಪ್ಪ ಡಬ್ಬಿಗೆ ಕೈ ಹಾಕಿದ, ಸುಟ್ಟಿತು, ಬೆರಳು ಬಾಯಿಗಿಟ್ಟುಕೊಂಡ. ಇಕ್ಕಳ ಹುಲುಗಮ್ಮನ ಮಡಿಲಲ್ಲಿತ್ತು.

ಅವಳು ಎದ್ದು ನಿಂತಳು. ಹುಟ್ಟಿದಾಗಿನಿಂದ ಊರಿನವರ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಇವತ್ತು ದನಿ ಎತ್ತಿದಳು.

"ಎಲ್ಲಾರೂ ಕೇಳ್ರಿ. ನಮ್ಮಕ್ಕ ಕುಂತ ಕಟ್ಟಿ ಫಿನಾಯಿಲ್ ಹಾಕಿ ತೊಳಿಸಿದ್ರು ಇವರು. ನನ್ನ ಕೈಲೇ ತೊಳಿಸಿದ್ರು. ಯುಗಾದಿಗಿಂತ ಮೊದ್ಲ ಆಕಿಗೆ ಜ್ವರ ಬಂದಿತ್ತು, ಇಲ್ಲೇ ಮೂರು ಸೂಜಿ ಮಾಡಿದ್ರು. ಆ ಸೂಜಿ ಆಮ್ಯಾಲ ಯಾರ ತೋಳಿಗೆ ಹೋತು? ಕಟ್ಟಿ ತೊಳಿಸಿದೋರು ಸೂಜಿ ತೊಳಿಸಿದ್ರೇನು? ಕಲ್ಲಿನಿಂದ ಬರಂಗಿಲ್ಲ ಈ ಜಡ್ಡು. ಮುಟ್ಟಿದ್ರ ಬರಂಗಿಲ್ಲ. ಸೂಜಿಯಿಂದ ಬರತೈತಿ. ಇವರು ಅಂಜೋದು ನಮ್ಮಕ್ಕಗ. ನೀವು ಅಂಜಬೇಕಾದ್ದು ಈ ಡಬ್ಬಿಗೆ."

"ಏ ಹುಲುಗಿ!" ಕೊಟ್ರಬಸಪ್ಪ ಬಾಗಿಲಿನಿಂದ ಗುಡುಗಿದ. ಅವನ ಅಂಗಿಯ ತೋಳು ಆಗಲೇ ಮೇಲಕ್ಕೆ ಮಡಚಿತ್ತು. "ಬಾಯಿ ಭಾಳ ಆತು. ಕೇರಿ ಜಡ್ಡು ಕೇರ್ಯಾಗ ಇಟ್ಕೊಳ್ರಿ. ಊರಿಗೆ ಯಾಕ ಹಚ್ತೀರಿ?"

ಮಾರೆಮ್ಮ ಬೆಂಚಿನ ಮೇಲಿಂದ ನಿಧಾನವಾಗಿ ತಿರುಗಿದಳು. ಜ್ವರಕ್ಕೆ ಮೋರೆ ಬಿಸಿಯಾಗಿತ್ತು.

"ಸಾವ್ಕಾರ್ರ, ತೋಳು ಚಲೋ ಏರಿಸೀರಿ. ಜೀಪು ಬಂದಾಗ ಎಲ್ಲಿಟ್ಟಿದ್ರಿ ಅದನ್ನ? ಹದಿನಾಲ್ಕು ಹೆಂಗಸ್ರ ರಕ್ತ ತಗಂಡ್ರು. ನಾವು ಹದಿನಾಲ್ಕು ಮಂದಿ ಗ್ವಾಡಿ ಕೂಡ ಮಲಗಿದ್ವೇನು?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಪಡಸಾಲೆಯಲ್ಲಿದ್ದ ಕಣ್ಣುಗಳೆಲ್ಲ ಕೊಟ್ರಬಸಪ್ಪನ ತೋಳಿನ ಕಡೆ ತಿರುಗಿದವು. ಅವನ ಪಕ್ಕ ನಿಂತಿದ್ದವನು ಒಂದು ಹೆಜ್ಜೆ ಸರಿದ. ಒಂದೇ ಹೆಜ್ಜೆ. ಕೊಟ್ರಬಸಪ್ಪ ಅದನ್ನು ನೋಡಿದ. ಅಂಗಿಯ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡ. ಮೋಟರ್ ಸೈಕಲ್ಲು ಎರಡು ಒದೆತಕ್ಕೆ ಹತ್ತಲಿಲ್ಲ, ಮೂರನೆಯದಕ್ಕೆ ಹತ್ತಿತು.

ಕೆಂಚಕ್ಕ ಮುಂದೆ ಬಂದಳು. "ಲೇ ಕಾಂಪೌಂಡ್ರ, ಹ್ವಾದ ಸಂತಿಗೆ ನನ್ನ ಮೊಮ್ಮಗಳಿಗೆ ಚುಚ್ಚಿದ್ಯಲ್ಲ. ಅದು ಯಾರಿಗೆ ಚುಚ್ಚಿದ ಸೂಜಿ? ಹೇಳು." ಅವನು ಸ್ಟೋವಿನ ಕಡೆ ತಿರುಗಿದ. "ಹೇಳಲೇ!" ಎಂದಳು. ಗೋಡೆಗೆ ಒತ್ತಿಕೊಂಡಿದ್ದವರೆಲ್ಲ ಒಟ್ಟಿಗೆ ಮಾತಾಡಿದರು. ಅವರಿಗೆ ಮಾರೆಮ್ಮನ ಮೇಲೆ ಕರುಣೆಯೇನೂ ಹುಟ್ಟಿರಲಿಲ್ಲ. ತಮ್ಮ ತಮ್ಮ ತೋಳು ನೆನಪಾಗಿತ್ತು. ಅಷ್ಟೇ.

ಗದ್ದಲಕ್ಕೆ ಡಾಕ್ಟರು ಹೊರಗೆ ಬಂದರು. ಮೂವತ್ತರ ಒಳಗಿನ ಮನುಷ್ಯ. ಸಂಗತಿ ಕೇಳಿ ಜನರ ಕಡೆ ಕೈ ಎತ್ತಿದರು. "ಹಾಗೇನಿಲ್ಲ. ಎಲ್ಲ ಸರಿಯಾಗಿಯೇ ಕುದಿಸ್ತಾರೆ. ಈ ಹೆಂಗಸಿಗೆ ತಿಳಿಯೋದಿಲ್ಲ."

ಒಳಗಿನಿಂದ ಪಾಲಮ್ಮ ಬಂದಳು. ಎರಡೂ ಕೈ ಹೊಟ್ಟೆಯ ಮೇಲೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. "ಸರ್, ಆಕಿ ಹೇಳೋದು ಖರೇ ಐತಿ. ಇಪ್ಪತ್ತು ನಿಮಿಷ ಅಂತನ ಐತಿ. ಇಲ್ಲಿ ಆಗ್ತಿಲ್ಲ. ನಾ ಎರಡು ಸಲ ನಿಮಗ ಹೇಳೀನಿ."

ಡಾಕ್ಟರು ಅವಳನ್ನು ನೋಡಿದರು. ಜನರನ್ನು ನೋಡಿದರು. ಸಂತೆಗೆ ಐದೂರ ಮಂದಿ ಬಂದಿದ್ದರು, ಮಧ್ಯಾಹ್ನದ ಹೊತ್ತಿಗೆ ಈ ಮಾತು ಐದೂರಿಗೆ ಹೋಗುತ್ತದೆ. "ಕುದೀಲಿ" ಎಂದರು ಕೊನೆಗೆ. "ಇಪ್ಪತ್ತು ನಿಮಿಷ ಕುದೀಲಿ. ಆಮೇಲೆ ಕೊಡು."

"ಕೊಡ್ತೀನ್ರಿ. ಸರತಿ ಪ್ರಕಾರ ಕೊಡ್ತೀನಿ" ಎಂದಳು ಹುಲುಗಮ್ಮ. "ಬೆಂಚಿನ ಮ್ಯಾಲ ಮೊದಲು ಕುಂತಾಕಿ ನಮ್ಮಕ್ಕ. ಕಂಕುಳಾಗ ಕೀವು ಆಗೇತಿ. ಆಕೀದು ನೋಡ್ರಿ. ಇಲ್ಲಂದ್ರ ಇವತ್ತು ಈ ಡಬ್ಬಿ ಈ ಸ್ಟೋ ಬಿಟ್ಟು ಏಳಂಗಿಲ್ಲ."

"ನೋಡು, ನಮ್ಮಲ್ಲಿ ಅದಕ್ಕೆ ಬೇಕಾದ ಸೌಕರ್ಯ ಇಲ್ಲ. ಗ್ಲೌಸು..."

"ಹೆರಿಗಿ ಗ್ಲೌಸು ಐದು ಜೋಡಿ ಅದಾವ. ನಾನ ತೊಳದು, ಕುದಿಸಿ, ಪೌಡರ್ ಹಚ್ಚಿ ಇಟ್ಟೀನಿ. ಒಂಬತ್ತು ವರ್ಷ ಊರ ಹೆಂಗಸ್ರ ರಕ್ತ ಬರಿಗೈಲೇ ತೊಳದೀನಿ ಡಾಕ್ಟ್ರ. ನನಗ ಒಂದು ಜೋಡಿ ಕೊಡಬೇಕು ಅಂತ ನಿಮಗ ಯಾವತ್ತರ ಅನಿಸೇತೇನು?"

ಪಾಲಮ್ಮ ಮೆಲ್ಲಗೆ ಹೇಳಿದಳು. "ನಾನು ಮಾಡ್ತೀನಿ ಸರ್."

"ನೀ ಬ್ಯಾಡ ನರ್ಸಮ್ಮ." ಮಾರೆಮ್ಮ ಎಡಗೈ ಊರಿ ಬೆಂಚಿನಿಂದ ಎದ್ದಳು. "ನೀ ಮಾಡಿದ್ರ ಅದು ನಿನ್ನ ಧರ್ಮ ಆಗತೈತಿ. ನನಗ ಧರ್ಮ ಬ್ಯಾಡ. ಯಾರ ಕೆಲಸ ಐತಿ ಅವರು ಮಾಡ್ಲಿ."

ಯಾರೂ ಕರೆಯುವ ಮೊದಲೇ ಅವಳು ಒಳಗೆ ನಡೆದಳು. ಬಾಗಿಲು ದಾಟಿದಳು. ಮೇಜಿನ ಮೇಲೆ ಮಲಗಿ, ಬಲಗೈಯನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಎತ್ತುವಾಗ ನೋವಿಗೆ ಕಣ್ಣಲ್ಲಿ ನೀರು ಬಂತು. ಹಾಗೆಯೇ ಬಿಟ್ಟಳು.

ನೀರು ಕುದಿಯಿತು. ಪಾಲಮ್ಮ ಕೈಗಡಿಯಾರ ಬಿಚ್ಚಿ ಕಿಟಕಿಯಲ್ಲಿಟ್ಟಿದ್ದಳು. ಇಪ್ಪತ್ತು ನಿಮಿಷ ಐವತ್ತು ಮಂದಿ ಸುಮ್ಮನೆ ನಿಂತು ನೀರಿನ ಸದ್ದು ಕೇಳಿದರು. ಒಬ್ಬರೂ ಹೋಗಲಿಲ್ಲ. ನಂತರ ಹುಲುಗಮ್ಮ ಇಕ್ಕಳದಲ್ಲಿ ಹಿಡಿದು ಚಾಕು ಕೊಟ್ಟಳು. ಡಾಕ್ಟರು ಗ್ಲೌಸು ಹಾಕಿಕೊಂಡರು. ಅವಸರದಲ್ಲಿ ಚಾಕು ಹಿಡಿದು ಬಗ್ಗಿದರು.

"ನಿಧಾನ ಮಾಡ್ರಿ" ಎಂದಳು ಮಾರೆಮ್ಮ. "ನಾ ಎಲ್ಲೂ ಓಡಿ ಹೋಗಂಗಿಲ್ಲ."

ಒಂದು ಗೀರು. ಕೀವು ಹೊರಗೆ ಬಂತು, ಹಳದಿ, ಹಸಿರು, ಕೊನೆಗೆ ರಕ್ತ. ನಾತ ಕೋಣೆ ತುಂಬಿತು. ಡಾಕ್ಟರು ಒತ್ತಿ ಒತ್ತಿ ತೆಗೆದರು. ಗಾಯ ತೊಳೆದರು. ಗಾಯದೊಳಕ್ಕೆ ಬಟ್ಟೆಯ ಬತ್ತಿ ಇಟ್ಟರು, ಪಟ್ಟಿ ಕಟ್ಟಿದರು. ಹತ್ತು ನಿಮಿಷದ ಕೆಲಸ. ಅದಕ್ಕೆ ಹನ್ನೆರಡು ದಿನ ಹಿಡಿದಿತ್ತು. ಮುಗಿದ ಮೇಲೆ ಅವರು ತಮ್ಮ ಕೈಗಳನ್ನು ಬಹಳ ಹೊತ್ತು ನೋಡಿಕೊಂಡರು. ಕೈಗಳಿಗೆ ಏನೂ ಆಗಿರಲಿಲ್ಲ.

"ದಿನಾ ಪಟ್ಟಿ ಬದಲಿಸಬೇಕು" ಎಂದರು. ಮಾರೆಮ್ಮನ ಮುಖ ನೋಡದೆಯೇ ಹೇಳಿದರು. ಆದರೆ ಹೇಳಿದರು. "ಎಂಟು ದಿನ. ಗುಳಿಗೆ ಬರೆದಿದ್ದೇನೆ."

ಅಂದು ಎಲ್ಲರಿಗೂ ಸೂಜಿ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಹುಲುಗಮ್ಮ ಪ್ರತಿ ಸರತಿಗೂ ಡಬ್ಬಿ ಕುದಿಸಿದಳು. ನಾಗೇಂದ್ರಪ್ಪ ಸೀಮೆಎಣ್ಣೆ ಮುಗಿಯಿತೆಂದ. ಎಣ್ಣೆಯ ಡಬ್ಬಿಯನ್ನು ಯಾರ ಮನೆಯಿಂದ ತರಬೇಕೆಂದು ಅವಳು ಎಲ್ಲರ ಎದುರೇ ಕೇಳಿದಳು. ಎಣ್ಣೆ ಬಂತು.

ಕೊನೆಯವರು ಹೋದ ಮೇಲೆ ನಾಗೇಂದ್ರಪ್ಪ ಪಡಸಾಲೆಗೆ ಬಂದ. "ನಾಳಿಂದ ಕೆಲಸಕ್ಕ ಬರಬ್ಯಾಡ. ನಿನ್ನಂಥೋರು ಬೇಕಾದಷ್ಟು ಮಂದಿ ಸಿಗ್ತಾರ."

ಹುಲುಗಮ್ಮನಿಗೆ ಇದು ಗೊತ್ತಿತ್ತು. ಬೆಳಿಗ್ಗೆ ಸ್ಟೋವ್ ಮುಂದೆ ಕೂತಾಗಲೇ ಗೊತ್ತಿತ್ತು. ನಾಳೆಯಿಂದ ಶೇಂಗಾ ಹೊಲ. ಬೆನ್ನು ಬಗ್ಗಿಸಿದರೆ ಅಲ್ಲೂ ಕೂಲಿ ಇದೆ. ಅವಳು ಇಕ್ಕಳವನ್ನು ಕಟ್ಟೆಯ ಮೇಲಿಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೆಂಚಿನ ಮೇಲೆ ಒರಗಿದ್ದ ಅಕ್ಕನನ್ನು ಎಡಭುಜ ಹಿಡಿದು ಎಬ್ಬಿಸಿದಳು.

"ಕೆಲಸಕ್ಕ ಬರಂಗಿಲ್ಲ, ಬಿಡ್ರಿ" ಎಂದಳು. "ಆದ್ರ ಎಂಟು ದಿನ ಪಟ್ಟಿ ಬದ್ಲಿ ಮಾಡಬೇಕಲ್ಲ. ಆಮ್ಯಾಲ ಕೆಮ್ಮು ಬರತೈತಿ, ಜ್ವರ ಬರತೈತಿ. ಯಾವತ್ತು ಬಂದ್ರೂ ಬರತೀವಿ. ನಾಳಿಗೆ ಮುಂಜಾನೆ ಎಂಟಕ್ಕ ಬಾಗಲಾ ತೆಗದಿರ್ರಿ."